ಬಸುರಿಯೂ ಸಂಧಿವಾತದ ಮಾತ್ರೆಯೂ



ಮದುವೆಗೆ ಮುಂಚೆ ಸಂಧಿವಾತವನ್ನು ಮುಚ್ಚಿಟ್ಟು, ಗಂಡನ ಮನೆಯಲ್ಲಿ ಗುಟ್ಟಾಗಿ ಮಾತ್ರೆ ನುಂಗುವ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಅಪಾಯ ಇರೋದು ಅಲ್ಲೇ. ವಾರಕ್ಕೊಮ್ಮೆ ತಗೊಳ್ಳುವ ಮೆಥೊಟ್ರೆಕ್ಸೇಟ್ ಗರ್ಭಪಾತಕ್ಕೆ, ಮಗುವಿನ ಅಂಗದೋಷಕ್ಕೆ ಕಾರಣವಾಗಬಹುದು. ಮಗು ಬೇಕೆಂದು ಯೋಚಿಸುವಾಗಲೇ, ಮೂರು ತಿಂಗಳು ಮುಂಚೆ, ಡಾಕ್ಟರಿಗೆ ಹೇಳಿ ಅದನ್ನು ಬದಲಿಸಿಕೊಳ್ಳಿ. ಅಲ್ಲಿಯವರೆಗೆ ಬಸಿರಾಗದಂತೆ ನೋಡಿಕೊಳ್ಳಿ. ತಿಳಿಯದೆ ಬಸಿರಾಗಿದ್ದರೆ ಆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಹಾಗಂತ ಹೆದರಿ ಎಲ್ಲಾ ಮಾತ್ರೆ ಬಿಡಬೇಡಿ. ಕಾಯಿಲೆ ಕೆರಳಿದರೆ ಮಗುವಿಗೂ ತೊಂದರೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಬಸುರಿಯರೂ ಮುಂದುವರಿಸಬಹುದು. ಸಲ್ಫಾಸಲಜೀನ್ ಕೂಡ, ಆದರೆ ಫೋಲಿಕ್ ಆಸಿಡ್ ಮಾತ್ರೆ ಜೊತೆಗಿರಲಿ.

ಇನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ನೋವಿನ ಗುಳಿಗೆ. ಐದು ತಿಂಗಳು ತುಂಬಿದ ಮೇಲೆ ಇವು ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಡಾಕ್ಟರ ಚೀಟಿಯಿಲ್ಲದೆ ಬೇಡವೇ ಬೇಡ.