ಅಸ್ಥಿಪಂಜರ ಯಾಕೆ ಯಾವಾಗಲೂ ನಗ್ತಾ ಇರುತ್ತೆ?

ಹೈಸ್ಕೂಲಿನ ಬಯಾಲಜಿ ಲ್ಯಾಬಿನಲ್ಲಿ ನೇತಾಡುತ್ತಿದ್ದ ಅಸ್ಥಿಪಂಜರವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಹತ್ತಿರ ಹೋಗೋಕೆ ನಮಗೆ ಭಯ, ಆದರೆ ಅದು ಮಾತ್ರ ನಗ್ತಾನೇ ಇರುತ್ತಿತ್ತು. ಕಾರಣ ಸರಳ. ತುಟಿ, ಕೆನ್ನೆ ಇಲ್ಲದ ಮುಖದಲ್ಲಿ ಎರಡು ಸಾಲು ಹಲ್ಲೂ ಪೂರ್ತಿ ಕಾಣುತ್ತವೆ. ಹಲ್ಲು ಕಂಡ ತಕ್ಷಣ ನಮ್ಮ ಕಣ್ಣು ಅದನ್ನು ನಗು ಅಂತ ಓದಿಕೊಳ್ಳುತ್ತೆ. ಚಿತ್ರ ಬರೆಯುವವರು, ಗೊಂಬೆ ಆಡಿಸುವವರು ಈ ಪುಕ್ಕಟೆ ನಗುವನ್ನು ಬಹಳ ಹಿಂದಿನಿಂದ ಬಳಸಿಕೊಂಡು ಬಂದಿದ್ದಾರೆ. ಆದರೆ ನಗು ಒಂದರಿಂದಲೇ ಮಕ್ಕಳ ಭಯ ಹೋಗುತ್ತಾ? ಇನ್ನೂ ಒಂದು ಕಾರಣ ಇದೆ ಅಂತ ನಮಗೆ ಅನ್ನಿಸುತ್ತೆ. ಅಸ್ಥಿಪಂಜರ ಅಂದ್ರೆ ಕೀಲುಗಳೆಲ್ಲ ಹೊರಗೇ ಕಾಣುವ ಮೈ. ಬಿಚ್ಚಬಹುದು, ಮತ್ತೆ ಜೋಡಿಸಬಹುದು.

ಇದಕ್ಕೆ ಒಳ್ಳೆಯ ಉದಾಹರಣೆ ‘ಫನ್ನಿಬೋನ್ಸ್’. ಇಂಗ್ಲೆಂಡಿನ ಜಾನೆಟ್ ಮತ್ತು ಅಲನ್ ಆಲ್‌ಬರ್ಗ್ ದಂಪತಿ 1980ರಲ್ಲಿ ತಂದ ಚಿತ್ರಪುಸ್ತಕ ಇದು. ಕಥೆ ಅಲನ್ ಅವರದು, ಚಿತ್ರ ಜಾನೆಟ್ ಅವರದು. ಒಂದು ದೊಡ್ಡ ಅಸ್ಥಿಪಂಜರ, ಒಂದು ಚಿಕ್ಕದು, ಜೊತೆಗೊಂದು ನಾಯಿಯದು. ಮೂರೂ ಕತ್ತಲೆಯ ನೆಲಮಾಳಿಗೆಯಲ್ಲಿ ಇರುತ್ತವೆ. ರಾತ್ರಿ ಯಾರನ್ನಾದರೂ ಹೆದರಿಸೋಣ ಅಂತ ಊರಿಗೆ ಹೊರಡುತ್ತವೆ, ಆದರೆ ಊರೆಲ್ಲ ಮಲಗಿಬಿಟ್ಟಿರುತ್ತೆ! ಪಾರ್ಕಿನಲ್ಲಿ ಆಡುವಾಗ ನಾಯಿ ಬಿದ್ದು ಮೂಳೆಗಳ ಗುಡ್ಡೆಯಾಗುತ್ತೆ. ಇಬ್ಬರೂ ಕೂತು ಜೋಡಿಸುತ್ತಾರೆ, ತಲೆ ಇರಬೇಕಾದ ಕಡೆ ಬಾಲ ಬರುತ್ತೆ. ಬಿಚ್ಚಿ ಮತ್ತೆ ಜೋಡಿಸುತ್ತಾರೆ. ಕೊನೆಗೆ ಹೆದರಿಸೋಕೆ ಬೇರೆ ಯಾರೂ ಸಿಗದೆ ಒಬ್ಬರನ್ನೊಬ್ಬರು ಹೆದರಿಸಿಕೊಳ್ಳುತ್ತಾರೆ.

ಇಲ್ಲಿ ಚಿತ್ರಕಾರರಿಗೆ ಒಂದು ಕಷ್ಟ ಇದೆ. ಬುರುಡೆಗೆ ಹುಬ್ಬಿಲ್ಲ, ರೆಪ್ಪೆ ಇಲ್ಲ. ಹಾಗಾದರೆ ಬೇಜಾರು, ಆಶ್ಚರ್ಯ ತೋರಿಸೋದು ಹೇಗೆ? ತಲೆ ವಾಲಿಸಿ, ಭುಜ ಇಳಿಸಿ, ಮಂಡಿ ಮಡಚಿ ತೋರಿಸಬೇಕು. ಮುಖ ಮಾಡಬೇಕಾದ ಕೆಲಸವನ್ನು ಇಡೀ ಮೈ ಮಾಡುತ್ತೆ. ಅದಕ್ಕೇ ಈ ಪಾತ್ರಗಳು ಸುಮ್ಮನೆ ನಿಂತಿದ್ದರೂ ಕುಣಿಯುತ್ತಿರುವಂತೆ ಕಾಣುತ್ತವೆ.

ಕಳೆದ ವರ್ಷ ಒಂದು ಹಳ್ಳಿ ಶಾಲೆಯ ಕ್ಯಾಂಪಿನಲ್ಲಿ ನಾವು ರಟ್ಟಿನ ಅಸ್ಥಿಪಂಜರ ಇಟ್ಟುಕೊಂಡು ಈ ಕಥೆ ಹೇಳಿದೆವು. ನಾಯಿಯ ತಲೆ ಉಲ್ಟಾ ಆದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ‘ಅಕ್ಕಾ, ನಂದೂ ಉಲ್ಟಾ ಕೂಡ್ಕೊಂಡ್ರೆ?’ ಅಂದಳು. ಡಾಕ್ಟರು ಮೊದಲೇ ಮೂಳೆಯನ್ನು ನೇರ ಕೂರಿಸಿರ್ತಾರೆ, ಅದು ಅಲುಗಾಡದ ಹಾಗೆ ಹಿಡಿದುಕೊಳ್ಳೋದಷ್ಟೇ ಪ್ಲಾಸ್ಟರಿನ ಕೆಲಸ, ಮುರಿದ ಜಾಗದಲ್ಲಿ ಹೊಸ ಮೂಳೆಯನ್ನು ನಿನ್ನ ಮೈಯೇ ಕಟ್ಟಿಕೊಳ್ಳುತ್ತೆ ಅಂತ ಹೇಳಿದೆವು. ನಂಬಿದಳೋ ಇಲ್ಲವೋ ಗೊತ್ತಿಲ್ಲ. ಆದರೆ ಗೊಂಬೆಯ ಕೈ ಬಿಚ್ಚಿಕೊಟ್ಟಾಗ ಎಡಗೈಯಲ್ಲೇ ನಾಲ್ಕು ಸಲ ತೆಗೆದು ಹಾಕಿ ನೋಡಿದಳು.

ಗೊಂಬೆಯಾಟದಲ್ಲಿ ಈ ಬಿಚ್ಚಿ ಜೋಡಿಸುವ ಆಟ ಹಳೆಯದು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಸೂತ್ರದ ಗೊಂಬೆಯವರ ಹತ್ತಿರ ಕುಣಿಯುತ್ತಲೇ ಕಳಚಿಕೊಳ್ಳುವ ಅಸ್ಥಿಪಂಜರ ಇರುತ್ತಿತ್ತು. ಕೈಕಾಲು, ತಲೆ ಬೇರೆ ಬೇರೆಯಾಗಿ ಗಾಳಿಯಲ್ಲಿ ಕುಣಿದು ಮತ್ತೆ ಮೈಗೆ ಬಂದು ಸೇರುತ್ತಿದ್ದವು. ಗುಟ್ಟು ಇರೋದು ದಾರದಲ್ಲಿ. ಕಳಚುವ ಭಾಗಗಳಿಗೆ ಬೇರೆ ದಾರ. ಎಳೆದರೆ ಭಾಗ ದೂರ ಹೋಗುತ್ತೆ, ಸಡಿಲ ಬಿಟ್ಟರೆ ವಾಪಸ್ ಜಾಗಕ್ಕೆ ಬರುತ್ತೆ. 1929ರಲ್ಲಿ ಡಿಸ್ನಿಯ ‘ದಿ ಸ್ಕೆಲಿಟನ್ ಡ್ಯಾನ್ಸ್’ ಕಾರ್ಟೂನಿನಲ್ಲೂ ಇಂಥದೇ ಚೇಷ್ಟೆ. ಅಲ್ಲಿ ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನುಮೂಳೆಯನ್ನೇ ವಾದ್ಯದ ಹಾಗೆ ಬಾರಿಸುತ್ತೆ.

ಮೆಕ್ಸಿಕೋದಲ್ಲಿ ಅಸ್ಥಿಪಂಜರಕ್ಕೆ ಬಟ್ಟೆಯೂ ಬಂತು. ಹೊಸೆ ಗ್ವಾಡಲೂಪೆ ಪೊಸಾಡಾ (1852–1913) ಕಡಿಮೆ ಬೆಲೆಯ ಹಾಳೆಗಳಲ್ಲಿ ಸೈಕಲ್ ಹೊಡೆಯುವ, ಟೋಪಿ ಹಾಕಿದ ಅಸ್ಥಿಪಂಜರಗಳನ್ನು ಅಚ್ಚು ಹಾಕಿದರು. ಅವರ ದೊಡ್ಡ ಟೋಪಿಯ ಹೆಂಗಸು ಆಮೇಲೆ ‘ಕತ್ರಿನಾ’ ಅಂತ ಹೆಸರಾದಳು. ಎಷ್ಟೇ ಶೋಕಿ ಮಾಡಿದರೂ ಒಳಗಿರೋದು ಅದೇ ಎಲುಬು ಅನ್ನೋದು ಅಲ್ಲಿನ ತಮಾಷೆ. ನವೆಂಬರ್ 1 ಮತ್ತು 2ರಂದು ಅಲ್ಲಿನ ಮನೆಗಳಲ್ಲಿ ತೀರಿಕೊಂಡವರನ್ನು ನೆನೆಯುತ್ತಾರೆ. ಮಕ್ಕಳ ಕೈಗೆ ಸಕ್ಕರೆಯ ಬುರುಡೆ, ಅಸ್ಥಿಪಂಜರದ ಆಟಿಕೆ ಸಿಗುತ್ತೆ. ಸತ್ತವರ ವಿಷಯ ಬಂದರೆ ಮಕ್ಕಳನ್ನು ಆಚೆ ಕಳಿಸುವ ಪದ್ಧತಿ ಆ ಹಬ್ಬದಲ್ಲಿ ಇಲ್ಲ.

ನಮ್ಮಲ್ಲೂ ಒಬ್ಬ ಇದ್ದಾನೆ, ಭೃಂಗಿ. ಶಿವನಿಗೆ ಮಾತ್ರ ಪ್ರದಕ್ಷಿಣೆ ಹಾಕ್ತೀನಿ ಅಂತ ಹಟ ಹಿಡಿದದ್ದಕ್ಕೆ ಪಾರ್ವತಿ ಅವನ ರಕ್ತಮಾಂಸ ಕಿತ್ತುಕೊಂಡಳು, ಬರೀ ಎಲುಬಿನಲ್ಲಿ ನಿಲ್ಲಲಾಗದಾಗ ಶಿವ ಮೂರನೇ ಕಾಲು ಕೊಟ್ಟ ಅನ್ನೋದು ಕಥೆ. ಬಾದಾಮಿಯ ಮೊದಲನೇ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ಎಲುಬು ಕಾಣುವ ಭೃಂಗಿಯನ್ನು ನೋಡಬಹುದು. ಶಿವನ ಎಂಜಿನಿಯರಿಂಗ್ ಕೂಡ ಸರಿಯಾಗೇ ಇದೆ: ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಅಲ್ಲಾಡಲ್ಲ, ನಾಲ್ಕು ಕಾಲಿನ ಹಾಸ್ಟೆಲ್ ಟೇಬಲ್ ಗತಿ ನಿಮಗೇ ಗೊತ್ತು.

ಈಗ ನೀವೇ ಒಂದು ಮಾಡಿ ನೋಡಿ. ದೊಡ್ಡವರ ಮೈಯಲ್ಲಿ 206 ಮೂಳೆ, ಆದರೆ ಗೊಂಬೆಗೆ 11 ತುಂಡು ಸಾಕು: ಬುರುಡೆ, ಪಕ್ಕೆಲುಬಿನ ಗೂಡು, ಸೊಂಟ, ತೋಳು ಎರಡು, ಮುಂಗೈ ಎರಡು, ತೊಡೆ ಎರಡು, ಮೊಣಕಾಲ ಕೆಳಗಿನದು ಎರಡು. ಶೂ ಬಾಕ್ಸಿನ ರಟ್ಟು ಕತ್ತರಿಸಿ, ಬಿಳಿ ಹಾಳೆ ಅಂಟಿಸಿ. ಕೀಲು ಒಟ್ಟು 10. ಪ್ರತಿ ಕೀಲಿಗೂ ತೂತು ಮಾಡಿ, ದಾರ ಪೋಣಿಸಿ, ಎರಡೂ ಕಡೆ ಗಂಟು ಹಾಕಿ. ಗಂಟು ಬಿಗಿಯಾದರೆ ಗೊಂಬೆ ಕುಣಿಯಲ್ಲ, ಸ್ವಲ್ಪ ಸಡಿಲ ಇರಲಿ. ಕೈ ಎತ್ತಿಸಬೇಕಾದರೆ ತೋಳಿನ ಮೇಲ್ತುದಿ ಸ್ವಲ್ಪ ಅಗಲ ಇರಬೇಕು. ಭುಜದ ತೂತಿಗಿಂತ ಒಳಬದಿಗೆ, ಅಂದರೆ ಎದೆಯ ಕಡೆಗೆ, ಇನ್ನೊಂದು ತೂತು ಮಾಡಿ. ಎರಡು ತೋಳಿನ ಒಳತೂತುಗಳನ್ನು ಹಿಂದಿನಿಂದ ಒಂದು ದಾರದಲ್ಲಿ ಸೇರಿಸಿ, ಅದರ ನಡುವಿನಿಂದ ಇನ್ನೊಂದು ದಾರ ಕೆಳಗೆ ಬಿಡಿ. ಎಳೆದರೆ ಒಳತುದಿ ಕೆಳಗೆ, ಕೈ ಮೇಲೆ. ಸೀಸಾ ಆಟದ್ದೇ ಲೆಕ್ಕ. 

ಮನೆಯಲ್ಲಿ ಚಿಕ್ಕವರಿದ್ದರೆ ಕೊನೆಯ ಕೀಲು ಜೋಡಿಸುವ ಕೆಲಸ ಅವರಿಗೇ ಬಿಡಿ. ತಲೆ ಉಲ್ಟಾ ಕೂರಿಸಿದರೂ ಪರವಾಗಿಲ್ಲ, ಅದು ನಗ್ತಾನೇ ಇರುತ್ತೆ. ಫೋಟೋ ತೆಗೆದು ನಮ್ಮ ಕನ್ನಡ ಸಂಘಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.