ತಪ್ಪು ಗುರುತಿನ ನಗೆಯಾಟ: 'ಮದ್ರಾಸಿ'ಯಿಂದ ಡಾ. ಶೆಣೈ ತನಕ

ಮುಂಬಯಿ: ವಿಮಾನ ನಿಲ್ದಾಣದಲ್ಲಿ ಇಳಿದ ಪಾಪದ ಪಿಟೀಲು ವಾದಕನೊಬ್ಬನ ಒಂದು ಕಾಲಿನ ಬೂಟು ಕಪ್ಪು, ಇನ್ನೊಂದರದು ಬೇರೆ ಬಣ್ಣ. ಅಷ್ಟಕ್ಕೇ ಗೂಢಚಾರರ ದಂಡು ಅವನನ್ನು ಭಾರೀ ಪತ್ತೇದಾರನೆಂದು ನಂಬಿ ಬೆನ್ನು ಹತ್ತುತ್ತದೆ. ತನ್ನ ಎದುರಾಳಿಯ ದಾರಿ ತಪ್ಪಿಸಲು ಗುಪ್ತಚರ ಮುಖ್ಯಸ್ಥನೇ ಹೂಡಿದ ಆಟವಿದು. ಆ ಬಡಪಾಯಿಗೆ ಮಾತ್ರ ಏನೊಂದೂ ತಿಳಿಯದು. 1972ರಲ್ಲಿ ಫ್ರಾನ್ಸಿನಲ್ಲಿ ತೆರೆಕಂಡ ಈ ಹಾಸ್ಯಚಿತ್ರವನ್ನು 1985ರಲ್ಲಿ ಹಾಲಿವುಡ್ ಟಾಮ್ ಹ್ಯಾಂಕ್ಸ್ ನಾಯಕತ್ವದಲ್ಲಿ ಮತ್ತೆ ತಯಾರಿಸಿತು.

ನೋಡುವವರು ಮೊದಲೇ ನಿರ್ಧರಿಸಿಬಿಟ್ಟರೆ ಎದುರಿಗಿದ್ದವನು ಯಾರಾದರೇನು? ಈ ತಮಾಷೆಯ ಇನ್ನೊಂದು ಮುಖ ಮುಂಬಯಿಯ ಹಿರಿಯ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಉಡುಪಿಯವನಿರಲಿ, ಧಾರವಾಡದವನಿರಲಿ, ಮನೆಯಲ್ಲಿ ಕನ್ನಡ, ತುಳು, ಕೊಂಕಣಿ ಯಾವುದನ್ನೇ ಆಡಲಿ, ಈ ಮಹಾನಗರದ ಬಾಯಲ್ಲಿ ಅವನು 'ಮದ್ರಾಸಿ'. 1966ರಲ್ಲಿ ಶಿವಸೇನೆ ಹುಟ್ಟಿದ ನಂತರದ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗಿಗೆ ಉಡುಪಿ ಹೋಟೆಲುಗಳೂ ಗುರಿಯಾದವು. ಆಗ ತಪ್ಪು ಗುರುತು ನಗುವ ವಿಷಯವಾಗಿ ಉಳಿದಿರಲಿಲ್ಲ.

ಅದೇ ಕಾಲದ ಬೆಳ್ಳಿತೆರೆಯನ್ನು ನೋಡಿ. 1968ರ ಹಿಂದಿ ಚಿತ್ರ 'ಪಡೋಸನ್'ನಲ್ಲಿ ಮೆಹಮೂದ್ ಜುಟ್ಟು ಬಿಟ್ಟ ಸಂಗೀತದ ಮೇಷ್ಟ್ರಾಗಿ ಬಂದು ದೇಶವನ್ನೇ ನಗಿಸಿದರು. ದಕ್ಷಿಣದವನೆಂದರೆ ಹೀಗೆ ಎಂಬ ಅಚ್ಚು ಜನರ ಮನಸ್ಸಿನಲ್ಲಿ ಇನ್ನಷ್ಟು ಗಟ್ಟಿಯಾಯಿತು. ಅದೇ 1968ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ'ಯಲ್ಲಿ ಡಾ. ರಾಜ್‌ಕುಮಾರ್ ಅವರಿಗೆ ಕೋಟು ತೊಡಿಸಿ, ಕೈಗೆ ಪಿಸ್ತೂಲು ಕೊಟ್ಟು, ಸಿ.ಐ.ಡಿ. 999 ಎಂಬ ಪತ್ತೇದಾರನನ್ನಾಗಿ ಮಾಡಿತು. ಎರಡು ವರ್ಷಗಳ ಹಿಂದೆಯಷ್ಟೇ 'ಮಂತ್ರಾಲಯ ಮಹಾತ್ಮೆ'ಯಲ್ಲಿ ರಾಯರಾಗಿ ಭಕ್ತರ ಕೈ ಮುಗಿಸಿಕೊಂಡಿದ್ದ ನಟ ಅವರು! ಭಕ್ತಿಪಾತ್ರಗಳಿಗೇ ಸರಿ ಎಂಬ ಗುರುತನ್ನು ಒಂದೇ ಏಟಿಗೆ ಕಳಚಿಟ್ಟರು. ಬಳಿಕ 'ಗೋವಾದಲ್ಲಿ ಸಿ.ಐ.ಡಿ. 999' ಬಂತು. 1969ರ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಚಿತ್ರದ ನಾಯಕಿ, ಮುಂದೆ ಮುಂಬಯಿ ಚಿತ್ರರಂಗವನ್ನು ಆಳಿದ ರೇಖಾ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ಅಣ್ಣಾವ್ರು ಇಂಗ್ಲಿಷ್ ಹಾಡನ್ನೇ ಹಾಡಿದರು.

ಮುಂಬಯಿಯ ತೆರೆಯ ಮೇಲೆ ಆ ಹಳೆಯ ಅಚ್ಚನ್ನು ಪಕ್ಕಕ್ಕಿಟ್ಟ ಒಂದು ಪಾತ್ರ ಕಾಣಿಸಿದ್ದು ಬಹಳ ತಡವಾಗಿ. 2012ರ ಸ್ವಾತಂತ್ರ್ಯ ದಿನದಂದು ತೆರೆಕಂಡ 'ಏಕ್ ಥಾ ಟೈಗರ್' ಪೂರ್ತಿ ವೇಷಗಳದ್ದೇ ಕಥೆ. ಸಲ್ಮಾನ್ ಖಾನ್ ಬರಹಗಾರ ಮನೀಷನ ಸೋಗಿನಲ್ಲಿ ಡಬ್ಲಿನ್‌ಗೆ ಹೋಗುತ್ತಾನೆ. ಪ್ರೊಫೆಸರರ ಮನೆಗೆಲಸ ನೋಡಿಕೊಳ್ಳುವ ಹುಡುಗಿಯೆಂದು ಆತ ನಂಬಿದ ಕತ್ರಿನಾ ಎದುರು ಪಾಳಯದ ಗೂಢಚಾರಿಣಿ. ಇವರೆಲ್ಲರ ನಡುವೆ ನಿಜವಾದ ಗುರುತಿನಲ್ಲೇ ಗಂಭೀರವಾಗಿ ಕುಳಿತವರು 'ರಾ' ಮುಖ್ಯಸ್ಥ ಡಾ. ಶೆಣೈ. ಆ ಪಾತ್ರದಲ್ಲಿ ಗಿರೀಶ್ ಕಾರ್ನಾಡ್. ಜುಟ್ಟಿಲ್ಲ, 'ಅಯ್ಯೋ' ಎಂಬ ಅಣಕವಿಲ್ಲ. ಕರಾವಳಿಯ ಮನೆತನದ ಹೆಸರೊಂದು ದೇಶದ ಗುಟ್ಟು ಕಾಯುವ ಕುರ್ಚಿಯಲ್ಲಿ!

ಕಾರ್ನಾಡರು ಜನಿಸಿದ್ದು 1938ರ ಮೇ 19ರಂದು, ಮುಂಬಯಿಗೆ ಸಮೀಪದ ಮಾಥೇರಾನದಲ್ಲಿ. ಮನೆಮಾತು ಕೊಂಕಣಿ, ಬೆಳೆದದ್ದು ಶಿರಸಿ-ಧಾರವಾಡಗಳಲ್ಲಿ, ಬರೆದದ್ದು ಕನ್ನಡದಲ್ಲಿ. ತಲೆಗಳು ಅದಲುಬದಲಾಗುವ 'ಹಯವದನ', ಗಂಡನ ರೂಪದಲ್ಲಿ ನಾಗ ಬರುವ 'ನಾಗಮಂಡಲ' - ಯಾರು ಯಾರೆಂಬ ಪ್ರಶ್ನೆಯನ್ನೇ ಜೀವನವಿಡೀ ಕೆದಕಿದ ನಾಟಕಕಾರನಿಗೆ ಗೂಢಚಾರರ ಯಜಮಾನನ ಪಾತ್ರ ಒಲಿದದ್ದು ಸೋಜಿಗವೇನಲ್ಲ. 2017ರ 'ಟೈಗರ್ ಜಿಂದಾ ಹೈ'ಯಲ್ಲೂ ಅವರೇ ಡಾ. ಶೆಣೈ. 2019ರ ಜೂನ್ 10ರಂದು ಅವರು ಅಗಲಿದರು. 2023ರ 'ಟೈಗರ್ 3'ರಲ್ಲಿ ಆ ಕುರ್ಚಿಗೆ ಬಂದದ್ದು ರೇವತಿ ನಟಿಸಿದ ಮೈಥಿಲಿ ಮೆನನ್, ಮತ್ತೊಂದು ದಕ್ಷಿಣದ ಹೆಸರು.

ಥಾಣೆ, ಡೊಂಬಿವಲಿ, ಮೀರಾರೋಡ್‌ಗಳಲ್ಲಿ ಬೆಳೆಯುತ್ತಿರುವ ಕನ್ನಡಿಗರ ಮಕ್ಕಳಿಗೆ ಟೈಗರ್ ಗೊತ್ತು, 999 ಗೊತ್ತಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್, ಮಾಹಿಮಿನ ಕರ್ನಾಟಕ ಸಂಘದಿಂದ ಹಿಡಿದು ಉಪನಗರಗಳ ಚಿಕ್ಕ ಸಂಘಗಳವರೆಗೆ ಯಾರಾದರೂ ಒಂದು ಭಾನುವಾರ 'ಜೇಡರ ಬಲೆ'ಯನ್ನು ಮಕ್ಕಳಿಗೆ ತೋರಿಸಲು ಮನಸ್ಸು ಮಾಡಬೇಕು. ಜೊತೆಗೆ ಅಜ್ಜ-ಅಜ್ಜಿಯರು 'ಮದ್ರಾಸಿ' ಎನಿಸಿಕೊಂಡಿದ್ದ ಆ ದಿನಗಳ ಕಥೆಯನ್ನೂ ಹೇಳಬೇಕು. ತಮ್ಮ ಗುರುತು ತಮಗೇ ತಿಳಿಯದ ಮಕ್ಕಳನ್ನು ಯಾರು ಬೇಕಾದರೂ ಇನ್ನೊಬ್ಬರೆಂದು ನಂಬಿಸಿಯಾರು.