ಮಿಡತೆಗೆ ಬಾಯಿ ಬಿಡುವ ಕೊರವ

ಸೊರಬ ತಾಲ್ಲೂಕೆಂದರೆ ಕೆರೆಗಳ ಸೀಮೆ. ಬೇಸಿಗೆ ಬಂತೆಂದರೆ ನಮ್ಮ ಜಡೆಯ ಸುತ್ತ ಏರಿಯ ಹುಲ್ಲು ಒಣಗಿ, ಮಿಡತೆಗಳು ಗಾಳಿಗೆ ಹಾರಿ ನೀರಿಗೆ ಬೀಳುತ್ತವೆ. ದಡದ ಮರದಿಂದ ಚಗಳಿಯೂ ಉದುರುತ್ತದೆ. ನೆರಳಲ್ಲಿ ಕಾದಿರುವ ಮೀನಿಗೆ ಅದೇ ಊಟ. ಅದಕ್ಕೇ ನಾನು ಬೇಸಿಗೆಯಲ್ಲಿ ಎರೆಹುಳು ಬಿಟ್ಟು ಮಿಡತೆ ಹಿಡಿಯುತ್ತೇನೆ. ಬೆಳಗಿನ ತಂಪಿಗೆ ಅದು ಮಂಕಾಗಿರುತ್ತದೆ. ಮಕ್ಕಳ ಕೈಗೂ ಸಿಗುತ್ತದೆ. ಗಾಳಕ್ಕೆ ಸಿಕ್ಕಿಸಿ, ಹುಲ್ಲಿನಿಂದ ಜಾರಿತೋ ಎಂಬಂತೆ ನೀರ ಮೇಲೆ ಇಳಿಬಿಡಬೇಕು. ನಮ್ಮ ನೆರಳು ನೀರಿಗೆ ಬೀಳಬಾರದು. ಗುಳುಂ ಎಂದರೆ ಕೊರವ!

ಪರದೇಶಗಳಲ್ಲಿ ಟ್ರೌಟ್ ಮೀನಿಗೆ ಗರಿ, ನೂಲು ಸುತ್ತಿ ಹುಸಿ ಮಿಡತೆ, ಹುಸಿ ಇರುವೆ ಕಟ್ಟುತ್ತಾರೆ. ಟ್ರೌಟ್ ತಣ್ಣೀರಿನ ಮೀನು. ಅದನ್ನು ಬೆಳೆಸಲೆಂದೇ ನೀಲಗಿರಿಯ ಅವಲಾಂಚಿಯಲ್ಲಿ 1907ರಲ್ಲಿ ಮರಿ ಮಾಡುವ ಕೇಂದ್ರ ಕಟ್ಟಿದರು. ಮೀನು ಬೇರೆ, ಉಪಾಯ ಒಂದೇ.

ಮಕ್ಕಳೇ, ಒಂದು ಮಾತು. ಮಳೆ ಹಿಡಿದ ಮೇಲೆ ನೀರಲ್ಲಿ ಕೆಂಪು ಮರಿಗಳ ಗುಂಪು ಕಂಡರೆ ಗಾಳ ಸುತ್ತಿಡಿ. ಅದರಡಿ ದೊಡ್ಡ ಕೊರವ ಕಾವಲಿರುತ್ತದೆ. ಹತ್ತಿರ ಬಂದ ಯಾವುದಕ್ಕೂ ಅದು ಬಾಯಿ ಹಾಕುತ್ತದೆ. ಹಿಡಿಯುವುದು ಬಲು ಸುಲಭ. ಹಿಡಿದರೆ ಅಷ್ಟೂ ಮರಿ ಬೇರೆ ಮೀನಿನ ಪಾಲು. ಮುಂದಿನ ಬೇಸಿಗೆಗೆ ಮಿಡತೆ ಇರುತ್ತದೆ, ತಿನ್ನಲು ಕೊರವ ಇರುವುದಿಲ್ಲ. ಆಗ ಅಜ್ಜನೇ ಗಾಳ ಎತ್ತಿಕೊಂಡರೂ ನೀವು ಕೈಹಿಡಿದು ತಡೆಯಿರಿ.